ಕೇಬಲ್ಲಿನಲ್ಲಿ ಬಂದ ಪ್ರಮೇಯ

ಆಟಿ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಸಾರಿದರೆ ಊರಿನ ಮಕ್ಕಳೆಲ್ಲ ಕುಣಿಯುತ್ತಿದ್ದರು, ನಾನು ಮಾತ್ರ ಮುಗಿಯದೆ ಉಳಿದ ಪಾಠಗಳನ್ನು ಎಣಿಸುತ್ತಿದ್ದೆ. ಕಾಪುವಿನ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಗಣಿತ ಕಲಿಸುತ್ತಿದ್ದ ದಿನಗಳವು. ತರಗತಿಯಲ್ಲಿ ಒಬ್ಬಳು ಹುಡುಗಿ ಲೆಕ್ಕದಲ್ಲಿ ಸದಾ ಹಿಂದೆ. ಅವಳ ತಾಯಿ ಪೇಟೆಯಲ್ಲಿ ಮೀನು ಮಾರುವಾಕೆ.

"ಮಾಷ್ಟ್ರೇ, ಈ ಸಲ ಫೇಲಾದರೆ ಅವಳು ನನ್ನೊಟ್ಟಿಗೆ ಬುಟ್ಟಿ ಹೊರುವುದೇ" ಎಂದು ಹೇಳಿ ನನ್ನ ಚೀಲಕ್ಕೆ ಎರಡು ಬಂಗುಡೆ ಹೆಚ್ಚೇ ಹಾಕಿದ್ದಳು. ತಿಂದ ಮೇಲೆ ಚಿಂತೆ ಮಾಡದೆ ಗತಿಯಿಲ್ಲ.

ಹೆಡ್‌ಮಾಷ್ಟ್ರು ಉಪಾಯ ಹುಡುಕಿದರು. ರಜೆಯಲ್ಲಿ ನನ್ನ ಪಾಠವನ್ನು ಊರಿನ ಕೇಬಲ್ ಟಿವಿಯಲ್ಲಿ ಹಾಕುವುದು. ಚಿತ್ರೀಕರಣಕ್ಕೆ ಕಟಪಾಡಿಯ ಮದುವೆ ವಿಡಿಯೋದವನು ಬಂದ. ಕಾರ್ಕಳದ ಮದುವೆಯೊಂದನ್ನು ಮುಗಿಸಿ, ಅದೇ ಉತ್ಸಾಹದಲ್ಲಿ.

"ಪೌಡರ್ ಹಾಕಿದ್ದೀರಾ ಸರ್? ಹಾಂ, ಇಲ್ಲಿ ನೋಡಿ, ಸ್ವಲ್ಪ ನಗಿ."

"ಲಂಬಕೋನ ತ್ರಿಭುಜದ ಪ್ರಮೇಯ ಮಾರಾಯ, ನಗುವುದು ಎಂತಕ್ಕೆ?"

"ಧಾರೆಯ ಹೊತ್ತಿಗೆ ಎಲ್ಲರೂ ಹೀಗೇ ಹೇಳ್ತಾರೆ. ಆಮೇಲೆ ಕ್ಯಾಸೆಟ್ ನೋಡಿ ಅಳ್ತಾರೆ."

ನಕ್ಕೆ.

ಮುಂದಿನ ರಜೆಯ ಬೆಳಿಗ್ಗೆ ಪವಾಡವೆಂಬಂತೆ ಕರೆಂಟ್ ಇತ್ತು. ಪರದೆಯ ಮೇಲೆ ಗುಲಾಬಿ ಎಸಳು ಸುರಿಯಿತು, ನಾಗಸ್ವರ ಮೊಳಗಿತು, ನನ್ನ ಮುಖ ಬಂತು. ಬಂದದ್ದು ಹೋಗಲೇ ಇಲ್ಲ. ನಾನು ಬೋರ್ಡಿಗೆ ತಿರುಗಿದರೆ ಕ್ಯಾಮೆರಾಕ್ಕೆ ನನ್ನ ಕಿವಿ ಸಾಕಾಗಿತ್ತು. "ಇದು ಇದಕ್ಕೆ ಸಮ" ಎಂದು ನಾನು ಬೆರಳು ತೋರಿಸುವ ಹೊತ್ತಿಗೆ ಸರಿಯಾಗಿ ಹೃದಯದಾಕಾರವೊಂದು ಅರಳಿ, ಅದರೊಳಗೆ ನನ್ನದೇ ನಗು. ಬೋರ್ಡು ಒಮ್ಮೆಯೂ ಕಾಣಲಿಲ್ಲ.

"ಪೌಡರ್ ಜಾಸ್ತಿಯಾಯ್ತು ಅಲ್ವಾ?" ಎಂದಳು ಹೆಂಡತಿ. ಪಾಠದ ಬಗ್ಗೆ ಬಂದ ಏಕೈಕ ವಿಮರ್ಶೆ ಅದು.

ಶಾಲೆ ತೆರೆದಾಗ ಆ ಹುಡುಗಿಯನ್ನು ಬೋರ್ಡಿಗೆ ಕರೆದೆ. ಅವಳು ಸೀಮೆಸುಣ್ಣ ಮುಟ್ಟಲಿಲ್ಲ. ಬೆರಳೆತ್ತಿ ಖಾಲಿ ಬೋರ್ಡಿನ ಒಂದು ಮೂಲೆ ತೋರಿಸಿದಳು, ಮತ್ತೊಂದು ಮೂಲೆ ತೋರಿಸಿದಳು.

"ಇದು ಇದಕ್ಕೆ ಸಮ ಸರ್."

"ಯಾವುದು ಯಾವುದಕ್ಕೆ?"

"ನೀವು ಟಿವಿಯಲ್ಲಿ ತೋರಿಸಿದ್ದು."

ಯಾರೂ ನಗಲಿಲ್ಲ. ಇಡೀ ತರಗತಿ ಕಲಿತದ್ದು ಅಷ್ಟನ್ನೇ.

ವಿಡಿಯೋದವನನ್ನು ಮತ್ತೆ ಕರೆಸಿದೆ. "ಈ ಸಲ ನನ್ನ ಮುಖ ಬೇಡ, ಬೋರ್ಡು ಮಾತ್ರ" ಎಂದೆ.

"ಮದುಮಗ ಇಲ್ಲದ ಕ್ಯಾಸೆಟ್ ಯಾರು ನೋಡ್ತಾರೆ ಸರ್?" ಎಂದು ಅವನು ನಿಜಕ್ಕೂ ನೊಂದುಕೊಂಡ. ಆದರೂ ಹೇಳಿದ ಹಾಗೆ ಮಾಡಿದ. ಮುಂದಿನ ರಜೆಯಲ್ಲಿ ಟಿವಿಯಲ್ಲಿ ಬೋರ್ಡು, ತ್ರಿಭುಜ, ಮಣಿಕಟ್ಟಿನವರೆಗೆ ನನ್ನ ಕೈ, ಅಷ್ಟೇ. ಎಸಳುಗಳನ್ನು ಮಾತ್ರ ಬಿಡಲಾರೆನೆಂದು ಕೊನೆಯಲ್ಲಿ ಸುರಿಸಿದ್ದ.

ಶಾಲೆ ಮತ್ತೆ ತೆರೆದ ದಿನ ಹುಡುಗಿ ತ್ರಿಭುಜ ಬರೆದಳು, ಮೂರೂ ಬಾಹುಗಳ ಮೇಲೆ ಚೌಕ ಕಟ್ಟಿದಳು, ಎಲ್ಲಿಯೂ ತಡವರಿಸದೆ ಸಾಧಿಸಿ ಮುಗಿಸಿದಳು. ನಾನು ಎರಡೆರಡು ಸಲ ತಪ್ಪು ಹುಡುಕಿದೆ. ಸಿಗಲಿಲ್ಲ.

ಸಂಜೆ ಪೇಟೆಯಲ್ಲಿ ಅವಳ ತಾಯಿ ಸಿಕ್ಕಿದಳು.

"ಎಂತ ಮಾಷ್ಟ್ರೇ, ಈ ಸಲ ಟಿವಿಯಲ್ಲಿ ನಿಮ್ಮನ್ನು ಕಾಣಲೇ ಇಲ್ಲ? ಹುಷಾರಿರಲಿಲ್ವಾ?"

"ಮಗಳಿಗೆ ಪಾಠ ಅರ್ಥವಾಯ್ತಲ್ಲ?"

"ಆಯ್ತಂತೆ. ನೀವಿಲ್ಲದಿದ್ದರೆ ಸುಲಭ ಉಂಟಂತೆ."

ಹಾಗೆಂದು ಎರಡು ಬಂಗುಡೆ ಹೆಚ್ಚು ಹಾಕಿ, ಬುಟ್ಟಿಯನ್ನು ತನ್ನ ತಲೆಗೇ ಎತ್ತಿಕೊಂಡು ನಡೆದಳು.