ಖಾಲಿ ಮನೆಗಳ ಮೇಲೆ ಒಣಗಿದ ಬಟ್ಟೆ

ಆ ಬಟ್ಟೆಗಳು ನಮ್ಮ ಮನೆಯವು.

ಮೂರು ವರ್ಷದಿಂದ ಈ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ರಾಮನಗರದಿಂದ ಮಾಗಡಿಗೆ ಹೋಗುವ ರಸ್ತೆಯಲ್ಲಿ ನಾನು ಮನೆ ಮಾರುತ್ತಿದ್ದ ಲೇಔಟಿನಲ್ಲಿ, ತಾರಸಿಗಳ ಮೇಲೆ ಹಗ್ಗ ಕಟ್ಟಿ ಒಣಹಾಕಿದ್ದ ಲುಂಗಿ, ಸೀರೆ, ಮಕ್ಕಳ ಚಡ್ಡಿ — ಯಾವುದೂ ಅಲ್ಲಿ ವಾಸವಿದ್ದವರದಲ್ಲ. ಅಲ್ಲಿ ವಾಸವೇ ಯಾರೂ ಇರಲಿಲ್ಲ. ಲುಂಗಿ ನಮ್ಮಪ್ಪನದು, ಸೀರೆ ಅಮ್ಮನದು, ಚಡ್ಡಿ ಅಕ್ಕನ ಮಗನದು. ಆ ಬಟ್ಟೆಗಳನ್ನು ನಂಬಿ ಒಬ್ಬರು ಮನೆ ಕೊಂಡರು. ಅವರಿಗೆ ನಾನಿನ್ನೂ ಹೇಳಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಬಾಯಿ ಬಿಟ್ಟರೆ ಬೇರೆ ಬಂಡವಾಳ ಇಲ್ಲದವನು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಾನು ಕಳೆದದ್ದು ಗಿರಾಕಿಗಳನ್ನಷ್ಟೇ ಅಲ್ಲ, ಮರ್ಯಾದೆಯನ್ನೂ. ಒಬ್ಬರಿಗೆ ಬಚ್ಚಲುಮನೆ ತೋರಿಸುತ್ತ, ಬಾಗಿಲು ಎಷ್ಟು ಗಟ್ಟಿ ನೋಡಿ ಸಾರ್ ಎಂದು ಒಳಗಿನಿಂದ ಚಿಲಕ ಹಾಕಿಕೊಂಡೆ. ಚಿಲಕ ತೆಗೆಯಲು ಬರಲಿಲ್ಲ. ಕೊನೆಗೆ ಗಿರಾಕಿಯೇ ಒಂದು ಸಲ ಒದ್ದು ನನ್ನನ್ನು ಹೊರಗೆ ತೆಗೆದರು. ಒಂದೇ ಒದೆಗೆ ಬಾಗಿಲು ಕಿತ್ತುಬಂದದ್ದು ನೋಡಿ, ಮನೆ ಬೇಡ ಅಂದರು.

ಆದರೆ ಮನೆ ಹೋಗದಿದ್ದುದಕ್ಕೆ ನನ್ನ ಪೆದ್ದುತನವೊಂದೇ ಕಾರಣವಲ್ಲ. ಬೆಂಗಳೂರು ಇವತ್ತಲ್ಲ ನಾಳೆ ಇಲ್ಲಿಗೆ ಬಂದೇ ಬರುತ್ತದೆ ಎಂದು ರಾಗಿ ಹೊಲದ ಪಕ್ಕ ಒಂದು ಲೇಔಟು, ಅದರ ಪಕ್ಕ ಇನ್ನೊಂದು, ಎದುರಿಗೆ ಮತ್ತೊಂದು ಎದ್ದಿದ್ದವು. ಬೆಂಗಳೂರು ಬಂತು — ಭಾನುವಾರ ಮಾತ್ರ. ಕಾರಿನಲ್ಲಿ ಬಂದು, ನೋಡಿ, ಬಂಡೆಗಳ ಮುಂದೆ ಫೋಟೋ ತೆಗೆಸಿಕೊಂಡು, ಬಜ್ಜಿ ತಿಂದು ಹೋಯಿತು. ನಮ್ಮ ನಲವತ್ತು ಮನೆಗಳಲ್ಲಿ ಹೋಗಿದ್ದು ನಾಲ್ಕು. ಕೊಂಡವರೂ ರೇಟು ಏರಲಿ ಎಂದು ಬೀಗ ಹಾಕಿಕೊಂಡು ಹೋಗಿದ್ದರು. ಮನೆಗಳು ಹೆಚ್ಚಾಗಿದ್ದವು, ಮನುಷ್ಯರು ಬೇಕಾಗಿತ್ತು.

ಮನುಷ್ಯರನ್ನು ತೋರಿಸೋಣ ಅಂದವನು ನಾನೇ. ಮೊದಲು ಕೋಡಿಹಳ್ಳಿಯಿಂದ ನಮ್ಮ ಸೋದರತ್ತೆಯನ್ನು ಕರೆಸಿ, ಹೊಸ ಸೀರೆ ಉಡಿಸಿ, ಮನೆಯೊಡತಿಯ ಹಾಗೆ ಬಾಗಿಲಲ್ಲಿ ನಿಲ್ಲಿಸಿದೆ. ಬಂದ ಗಿರಾಕಿ, ನೀರು ಚೆನ್ನಾಗಿ ಬರುತ್ತಾ ಅಮ್ಮಾ ಅಂತ ಕೇಳಿದರು. ಅತ್ತೆ, "ನಂಗೇನ್ ಗೊತ್ತಪ್ಪ, ಬಿರಿಯಾನಿ ಕೊಡುಸ್ತೀನಿ ಅಂತ ಕರ್ಕಂಬಂದವ್ನೆ ಇವ್ನು" ಅಂದುಬಿಟ್ಟಳು.

ಅವತ್ತೇ ನಿರ್ಧರಿಸಿದೆ — ಬಟ್ಟೆಗೆ ಬಾಯಿ ಇರುವುದಿಲ್ಲ. ಹತ್ತು ತಾರಸಿಗೆ ಹಗ್ಗ ಕಟ್ಟಿದೆ. ಬೆಳಿಗ್ಗೆ ಒದ್ದೆ ಮಾಡಿ ಹಾಕುವುದು, ಸಂಜೆ ಎತ್ತುವುದು. ನಮ್ಮ ಸಾಹೇಬರು ಬೆನ್ನು ತಟ್ಟಿದರು. ನಾನು ಉಬ್ಬಿಹೋದೆ. ಇದು ತಮಾಷೆ ಎಂದೇ ನಂಬಿದ್ದೆ. ನಂಬಿದ್ದೆನೋ, ನಂಬಿದ ಹಾಗೆ ಇದ್ದೆನೋ — ಗೊತ್ತಿಲ್ಲ.

ಆಗ ಬಂದವರು ಅನ್ವರ್ ಚಾಚಾ. ರಾಮನಗರದಲ್ಲಿ ನಮ್ಮ ಪಕ್ಕದ ಬೀದಿಯವರು. ರೇಷ್ಮೆ ನೂಲು ತೆಗೆಯುವ ಕಸುಬು. ಮನೆ ಹಿಂದೆಯೇ ಶೆಡ್ಡು. ಕೈಯೆಲ್ಲ ಬಿಸಿನೀರಿಗೆ ಬೆಂದು, ಆ ಕಸುಬು ಬಿಟ್ಟು, ಮಾಗಡಿಗೆ ಕೊಟ್ಟ ಮಗಳಿಗೆ ಹತ್ತಿರವಾಗಲಿ ಎಂದು ಮನೆ ನೋಡಲು ಬಂದಿದ್ದರು. ಹಳೇ ಮನೆಗೆ ಒಬ್ಬರು ಗಿರಾಕಿಯೂ ಇದ್ದರು. ನಾನು ಚಿಕ್ಕಂದಿನಲ್ಲಿ ರಂಜಾನಿಗೆ ಅವರ ಮನೆಯ ಶೀರ್ ಖುರ್ಮಾ ಪಾಯಸ ತಿಂದವನು. ಆ ನೆನಪು ಅವತ್ತೂ ಇತ್ತು. ಇದ್ದೂ —

ತಾರಸಿ ಹತ್ತಿಸಿ ಸುತ್ತ ತೋರಿಸಿದೆ. ಜನ ಇದ್ದಾರೆ, ಒಳ್ಳೇದು ಅಂದರು ಚಾಚಾ. ಹೆಂಡತಿಗೆ ಅಕ್ಕಪಕ್ಕ ಇಲ್ಲದೆ ಆಗುವುದಿಲ್ಲವಂತೆ. ಅಷ್ಟರಲ್ಲಿ ಗಾಳಿ ಬೀಸಿ, ಪಕ್ಕದ ತಾರಸಿಯಿಂದ ಒಂದು ಟವೆಲು ಹಾರಿಬಂದು ಅವರ ಕಾಲಿನ ಹತ್ತಿರ ಬಿತ್ತು. ಹಸಿರು ಅಂಚಿನ ನಮ್ಮಪ್ಪನ ಟವೆಲು. ಚಾಚಾ ಅದನ್ನೆತ್ತಿ ಧೂಳು ಕೊಡವಿದರು. ನಾನು ಕೊಟ್ಟು ಬರುತ್ತೇನೆ ಎಂದು ಕೈ ಚಾಚಿದೆ. ಬೇಡ, ನಾಳೆ ಅಕ್ಕಪಕ್ಕ ಆಗುವವರು, ನಾನೇ ಮಾತಾಡಿಸುತ್ತೇನೆ ಎಂದು ಅವರು ಮೆಟ್ಟಿಲು ಇಳಿದೇಬಿಟ್ಟರು.

ಪಕ್ಕದ ಮನೆಯ ಬಾಗಿಲು ತಟ್ಟಿದರು. ಒಳಗೆ ಏನಿದೆ ಎಂದು ನನಗೆ ಗೊತ್ತು — ನಾಲ್ಕು ಸಿಮೆಂಟ್ ಚೀಲ, ಒಂದು ಏಣಿ. ಕಿಟಕಿಗೆ ಪರದೆ ಇರಲಿಲ್ಲ. ಒಂದು ಹೆಜ್ಜೆ ಎಡಕ್ಕೆ ಸರಿದು ಬಗ್ಗಿದ್ದರೆ ಎಲ್ಲ ಕಾಣುತ್ತಿತ್ತು. ಅವರು ಇನ್ನೊಂದು ಸಲ ತಟ್ಟಿದರು. ಯಾರಿದ್ದೀರಮ್ಮಾ ಎಂದು ಕೂಗಿದರು. ಜೀವನದಲ್ಲಿ ಮೊದಲ ಸಲ ನನಗೆ ಒಂದು ಜೋಕೂ ಹೊಳೆಯಲಿಲ್ಲ. ಕಿಟಕಿಗೆ ಅಡ್ಡ ನಿಂತು, ಗಂಡ ಹೆಂಡತಿ ಇಬ್ಬರೂ ಡ್ಯೂಟಿಗೆ ಹೋಗಿದ್ದಾರೆ ಅಂದೆ.

ಚಾಚಾ ನಂಬಿದರು. ಟವೆಲನ್ನು ನಾಲ್ಕು ಮಡಿಕೆ ಮಾಡಿ ಗೇಟಿನ ಸರಳಿಗೆ ಸಿಕ್ಕಿಸಿದರು. "ಪಾಪ, ಬಂದು ಹುಡುಕ್ತಾರೆ" ಅಂದರು.

ಆಮೇಲೆ ಅವರು ಒಂದೇ ಒಂದು ವಿಷಯ ಕೇಳಿಕೊಂಡರು. "ನೋಡಪ್ಪಾ ಚಂದ್ರು, ನಿಮ್ಮ್ ಚಾಚಿನ ಕೇಳ್ದೆ ನಾನು ಸೂಜಿನೂ ತಗೊಂಡವ್ನಲ್ಲ. ಮಗ್ಳ ಹೆರಿಗೆ ಅಂತ ಆಸ್ಪತ್ರೆಲವ್ಳೆ. ಭಾನ್ವಾರ ಕರ್ಕಂಬಂದು ತೋರುಸ್ತೀನಿ. ಅಲ್ಲಿಗಂಟ ಇಟ್ಕೊಂಡಿರು."

ನಾಲ್ಕು ದಿನ. ಮೂವತ್ತಾರು ಮನೆ ಖಾಲಿ ಬಿದ್ದಿದ್ದವು. ಭಾನುವಾರವಲ್ಲ, ಮುಂದಿನ ರಂಜಾನಿನವರೆಗೂ ಇಟ್ಟುಕೊಳ್ಳಬಹುದಿತ್ತು. ಆದರೆ ಚಾಚಿ ಬಂದರೆ ಕಿಟಕಿಯಲ್ಲಿ ಬಗ್ಗಿ ನೋಡುತ್ತಾರೆ ಎಂದು ನನಗೆ ಅನ್ನಿಸಿತು. ಅದಕ್ಕೇ ಅಂದೆ:

"ಉಳ್ದಿರೋದೇ ಎರಡು. ಮೂರ್ ಗಂಟೆಗೆ ಇನ್ನೊಂದು ಪಾರ್ಟಿ ಬತ್ತೈತೆ. ನಾನ್ ಕಾಯ್ತೀನಿ ಚಾಚಾ, ಮನೆ ಕಾಯಕ್ಕಿಲ್ಲ."

ಅವರು ಚಾಚಿಗೆ ಎರಡು ಸಲ ಫೋನ್ ಮಾಡಿದರು. ಆ ಕಡೆಯಿಂದ ಯಾರೂ ಎತ್ತಲಿಲ್ಲ. ಮೂರಕ್ಕೆ ಹತ್ತು ನಿಮಿಷ ಇರುವಾಗ ಅಗ್ರಿಮೆಂಟಿಗೆ ಸಹಿ ಹಾಕಿದರು.

ಅವರು ಸಾಮಾನು ತರುವ ಹೊತ್ತಿಗೆ ನಾನು ಬಟ್ಟೆ, ಹಗ್ಗ ಎಲ್ಲ ಎತ್ತಿದ್ದೆ. ಗೇಟಿನ ಟವೆಲನ್ನು ಮಾತ್ರ ಮುಟ್ಟಲು ಆಗಿರಲಿಲ್ಲ. ಅಕ್ಕಪಕ್ಕದವರು ಎಲ್ಲಿ ಅಂತ ಕೇಳಿದಾಗ, ಬಾಡಿಗೆಯವರು, ಬಿಟ್ಟು ಹೋದರು, ಮಿಕ್ಕವು ಕೊಂಡವರು ಬೀಗ ಹಾಕಿಟ್ಟ ಮನೆಗಳು ಅಂದೆ. ಆರು ತಿಂಗಳಿಗೆ ನಾನೂ ಬಿಟ್ಟು ಹೋದೆ. ಈಗ ಕುದೂರಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿದ್ದೇನೆ. ಚಿಲಕ ಮಾರುತ್ತೇನೆ, ನಗಬೇಡಿ.

ಹೋದ ತಿಂಗಳು ಚಾಚಾ ಹುಡುಕಿಕೊಂಡು ಅಂಗಡಿಗೇ ಬಂದರು. ನಾನು ಕೌಂಟರಿನ ಹಿಂದಕ್ಕೆ ಸರಿದೆ. ಆದರೆ ಅವರು ಬಂದದ್ದು ಜಗಳಕ್ಕಲ್ಲ. ಚಾಚಿ ಭಾನುವಾರ ಬಿಟ್ಟು ದಿನಾ ಬೆಳಗಿನ ಬಸ್ಸಿಗೆ ರಾಮನಗರದ ಹಳೇ ಬೀದಿಗೆ ಹೋಗಿ, ಯಾರದೋ ಜಗಲಿಯಲ್ಲಿ ಕೂತು, ಸಂಜೆ ಬಸ್ಸಿಗೆ ವಾಪಸ್ ಬರುತ್ತಾರಂತೆ. ಹಳೇ ಮನೆ ಒಡೆದು ಮಳಿಗೆ ಕಟ್ಟಿದ್ದಾರೆ; ಆ ಕಡೆಗೆ ಬೆನ್ನು ಮಾಡಿ ಕೂರುತ್ತಾರಂತೆ. ಈ ಮನೆ ಮಾರೋಣವೆಂದರೆ, ಸುತ್ತಲಿನ ಲೇಔಟುಗಳಲ್ಲಿ ಹೊಸ ಮನೆಗಳೇ ಗಿರಾಕಿ ಇಲ್ಲದೆ ರೇಟು ಇಳಿಸಿಕೊಂಡು ಕೂತಿರುವಾಗ ವಾಸ ಮಾಡಿದ ಮನೆ ಯಾರಿಗೆ ಬೇಕು.

"ನೀನು ಅಷ್ಟೊಂದು ಮನೆ ಮಾರ್ದವ್ನು. ಎರಡೇ ಉಳ್ಸಿದ್ದೆ. ನಮ್ದೊಂದು ಮಾರ್ಕೊಡು ಬೇಟಾ."

ಆಗ ಹೇಳಬಹುದಿತ್ತು. ನಾನು ನೋಡೋಣ ಚಾಚಾ ಅಂದೆ. ಮಾರನೇ ಭಾನುವಾರ ಮನೆ ನೋಡುವ ನೆಪದಲ್ಲಿ ಹೋದೆ ಕೂಡ. ಚಾಚಿ ಚಹಾ ಕೊಟ್ಟರು. ಹೊರಡುವಾಗ ಒಳಗಿನಿಂದ ಒಂದು ಕವರು ತಂದು ಕೈಗಿಟ್ಟರು. ಹಸಿರು ಅಂಚಿನ ಟವೆಲು. ಒಗೆದು, ಇಸ್ತ್ರಿ ಮಾಡಿ, ಮೂರು ವರ್ಷ ಇಟ್ಟಿದ್ದರು.

"ಯಾರೂ ಬಂದು ಕೇಳ್ಲಿಲ್ಲಪ್ಪ. ನಿಂಗೆ ಗೊತ್ತಿರ್ತೈತೆ. ತಲುಪುಸ್ಬುಡು" ಅಂದರು. ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕವರನ್ನು ನೋಡುತ್ತಿದ್ದೆ.

ಮನೆಗೆ ತಂದರೆ ಅಮ್ಮ ಗುರುತು ಹಿಡಿದು, ನಿಮ್ಮಪ್ಪನ ಟವೆಲು ಎಲ್ಲಿ ಸಿಕ್ತೋ ಅಂದಳು. ಅವಳ ಕೈಯಿಂದ ತೆಗೆದು ಮತ್ತೆ ಕವರಿಗೆ ಹಾಕಿದೆ. ಆ ಉತ್ತರವನ್ನು ಮೊದಲು ಕೇಳಬೇಕಾದವರು ಅಮ್ಮನಲ್ಲ.

ಟವೆಲು ಈಗ ನನ್ನ ಬೈಕಿನ ಡಿಕ್ಕಿಯಲ್ಲಿದೆ. ಭಾನುವಾರ ಹೋಗುತ್ತೇನೆ, ಅವತ್ತು ಚಾಚಿ ಬಸ್ಸು ಹತ್ತುವುದಿಲ್ಲ. ಕ್ಷಮಿಸಿ ಎಂದು ಶುರು ಮಾಡುವುದಿಲ್ಲ — ಶುರುವಿನಲ್ಲೇ ಕ್ಷಮೆ ಕೇಳಿದರೆ ಚಾಚಾ ಪೂರ್ತಿ ಕೇಳದೆ ಕ್ಷಮಿಸಿಬಿಡುತ್ತಾರೆ. ಪಕ್ಕದ ಮನೆಯ ಕಿಟಕಿಗೆ ಇವತ್ತಿಗೂ ಪರದೆ ಇಲ್ಲ, ಒಳಗೆ ಅದೇ ಸಿಮೆಂಟ್ ಚೀಲ, ಅದೇ ಏಣಿ. ಮೊದಲು ಇಬ್ಬರನ್ನೂ ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ. ನಾನು ಈ ಸಲ ಅಡ್ಡ ನಿಲ್ಲುವುದಿಲ್ಲ.