ಗೆರೆ ಇಳಿದಿತ್ತು, ಯಂತ್ರ ಕೆಟ್ಟಿರಲಿಲ್ಲ

ಬೆಳಗಿನ ಆರು ಗಂಟೆ. ಕೆಂಗೇರಿ ಉಪನಗರದ ಸಂಶೋಧನಾ ಕಚೇರಿಯೊಂದರಲ್ಲಿ ಸುವರ್ಣಾ ಹೂಗಾರ ಆಗಲೇ ಪರದೆಯ ಮುಂದೆ ಕೂತಿದ್ದಾರೆ. ದೂರದ ಬಯಲಿನ ಮೂವತ್ತು ರೇಡಿಯೋ ಆಂಟೆನಾಗಳು ಆಕಾಶದಿಂದ ಹಿಡಿದದ್ದೆಲ್ಲ ಗೆರೆಗಳಾಗಿ ಅವರೆದುರು ಮೂಡುತ್ತಿದೆ. ಮೊಬೈಲ್ ಟವರಿನ ಗದ್ದಲ ಯಾವುದು, ವಿಮಾನದ್ದು ಯಾವುದು, ನಕ್ಷತ್ರದ್ದು ಯಾವುದು ಎಂದು ಬೇರ್ಪಡಿಸುವುದು ಅವರ ಕೆಲಸ.

"ಅಕ್ಕಿ ಆರಿಸಿದಂಗರಿ. ಕಲ್ಲ ಉಳದ್ರ ಉಣ್ಣಾವ್ರ ಹಲ್ಲ ಹೋಗ್ತಾವ," ಎನ್ನುತ್ತಾರೆ.

ಗುಳೇದಗುಡ್ಡದಿಂದ ಡಿಪ್ಲೊಮಾ ಹಿಡಿದು ಬಂದು ಹನ್ನೊಂದು ವರ್ಷ. ದಿನಕ್ಕೆ ಅರವತ್ತು ಗೆರೆ ನೋಡುತ್ತಾರೆ. ಶ್ರೀಗಂಧದ ಕಾವಲು ಬಡಾವಣೆಯ ಮನೆಯಿಂದ ನಸುಕಿನಲ್ಲೇ ಹೊರಡುವ ಈ ಹೆಣ್ಣುಮಗಳ ನೌಕರಿ ಇವತ್ತಿಗೂ ಗುತ್ತಿಗೆಯದ್ದೇ.

ಅವರು ಕಾಯುವ ಆಕಾಶದಲ್ಲಿ, ಒಂದನ್ನೊಂದು ಸುತ್ತುತ್ತ ಒಮ್ಮೆ ಹತ್ತಿರ ಬಂದು ಒಮ್ಮೆ ದೂರ ಸರಿಯುವ ಒಂದು ಜೋಡಿ ನಕ್ಷತ್ರವಿದೆ. ಎರಡೂ ಸೂರ್ಯನಿಗಿಂತ ಹತ್ತಾರು ಪಟ್ಟು ಭಾರ. ಎರಡರ ಮೈಯಿಂದಲೂ ಬಿರುಗಾಳಿ ಏಳುತ್ತದೆ. ಆ ಗಾಳಿಗಳು ಢಿಕ್ಕಿ ಹೊಡೆಯುವಲ್ಲಿ ರೇಡಿಯೋ ಅಲೆ ಹುಟ್ಟುತ್ತದೆ. ಮೂರು ವರ್ಷದ ಹಿಂದೆ ಹತ್ತೇ ದಿನದಲ್ಲಿ ಆ ಅಲೆ ಕುಸಿಯಿತು. ವಿಭಾಗದ ಮುಖ್ಯಸ್ಥ ಗಂಗಾಧರಯ್ಯ ರೇಗಿದರು: "ರಿಸೀವರ್ ಹಾಳಾಗಿ ಹತ್ತು ದಿನ ಆಗಿದೆ. ನಿಮ್ಗೆ ಗೊತ್ತೇ ಆಗ್ಲಿಲ್ವೇನಮ್ಮ?"

ಹೋಲಿಕೆಗೆಂದು ದಿನವೂ ನೋಡುವ, ಅಲೆ ಏರಿಳಿಯದ ಇನ್ನೊಂದು ಆಕಾಶಕಾಯವಿದೆ. ಅದರ ಗೆರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಸುವರ್ಣಾ ಅದನ್ನೇ ತೋರಿಸಿದರು: "ಯಂತ್ರ ಕೆಟ್ಟಿದ್ರ ಎರಡೂ ಇಳೀಬೇಕಲ್ರಿ ಸರ. ನಕ್ಷತ್ರ ಹತ್ತಿರ ಬಂದಾವ. ದಟ್ಟ ಗಾಳಿ ಅಲೆ ನುಂಗಾಕತ್ತೈತಿ."

ಮುಖ್ಯಸ್ಥರು ನಕ್ಕರು. ಸಂಜೆಗೆ ಮೆಮೊ ಬಂತು: ಕರ್ತವ್ಯಲೋಪ.

ಬಿಚ್ಚಿ ನೋಡಿದರೆ ರಿಸೀವರಿನಲ್ಲಿ ದೋಷವೇ ಇರಲಿಲ್ಲ. ಆದರೂ ಮೆಮೊ ಹಿಂತೆಗೆದುಕೊಳ್ಳಲಿಲ್ಲ. ಸುವರ್ಣಾ ಊಟದ ಬಿಡುವಿನಲ್ಲಿ ಹಳೆಯ ದಾಖಲೆ ಕೆದಕಿದರು. ಅದಕ್ಕೂ ಹತ್ತೊಂಬತ್ತು ತಿಂಗಳ ಮೊದಲು ಇಂಥದೇ ಕುಸಿತ ಆಗಿದ್ದು ಸಿಕ್ಕಿತು. ಮುಂದಿನದು ಯಾವ ವಾರ ಎಂದು ಬರೆದು ಮುಖ್ಯಸ್ಥರಿಗೇ ಕೊಟ್ಟರು. ಅದೇ ವಾರ ಗೆರೆ ಇಳಿಯಿತು.

ಕಳೆದ ವರ್ಷ ಈ ಕುಸಿತದ ಬಗ್ಗೆ ವಿಭಾಗದ ಪ್ರಬಂಧ ಅಚ್ಚಾಯಿತು. ಐದು ಹೆಸರುಗಳಿದ್ದವು, ಸುವರ್ಣಾ ಹೆಸರಿರಲಿಲ್ಲ. ಅವರು ಮೆಮೊ, ಪ್ರಬಂಧ ಎರಡನ್ನೂ ಹಿಡಿದು ನೇರ ಮುಖ್ಯಸ್ಥರ ಕೋಣೆಗೆ ಹೋದರು.

"ಮೆಮೊ ಹಾಕೂವಾಗ ನನ್ನ ಹೆಸರು ಸಿಕ್ಕಿತ್ತು. ಪ್ರಬಂಧಕ್ಕ ಯಾಕ ಸಿಗಲಿಲ್ರಿ?"

"ಅದೆಲ್ಲ ಸೈಂಟಿಸ್ಟ್‌ಗಳ್ದು ಕಣಮ್ಮ. ಮಹಿಳಾ ದಿನಾಚರಣೆಗೆ ಒಂದು ಸನ್ಮಾನ ಮಾಡಿಸ್ತೀನಿ ಬಿಡಿ."

"ಶಾಲು ನನ್ ಹತ್ರ ಐತ್ರಿ," ಎಂದು ಸುವರ್ಣಾ ಎದ್ದು ಬಂದರು. ತಾವು ಬರೆದುಕೊಟ್ಟ ಚೀಟಿಯ ಪ್ರತಿ, ತಾರೀಖು, ಗೆರೆ ಎಲ್ಲ ಸೇರಿಸಿ ಪ್ರಬಂಧ ಅಚ್ಚು ಹಾಕಿದ ವಿಜ್ಞಾನ ಪತ್ರಿಕೆಗೇ ಬರೆದರು. ಗುತ್ತಿಗೆ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಬರೆದರು. ಏಳು ತಿಂಗಳು ಕಾದ ಮೇಲೆ ತಿದ್ದುಪಡಿ ಪ್ರಕಟವಾಯಿತು. ಆರನೆಯ ಹೆಸರು ಸುವರ್ಣಾ ಹೂಗಾರ.

ಮೆಮೊ ಮಾತ್ರ ಇನ್ನೂ ಕಡತದಲ್ಲಿದೆ. ಸಿಟ್ಟು ಇಳಿಯಿತೇ ಎಂದರೆ ಪರದೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಇಲ್ರಿ. ಹಂಗಂತ ಅದನ್ನ ಹರೀರಿ ಅನ್ನಂಗಿಲ್ಲ ನಾ. ಅದರ ಕೆಳಗ ಅವರ ಕೈಲೇ ಒಂದ್ ಸಾಲು ಬರೀಲಿ: ಆಕಿ ಹೇಳಿದ್ದು ಖರೆ ಇತ್ತು."