ಸಾನಮ್ಮನ ಅಂಬರಗುಬ್ಬಿ

ಸಾನಮ್ಮನವರ ಕನ್ನಡದಲ್ಲಿ ಲೋಕದಲ್ಲಿರುವುದೆಲ್ಲ ಗಂಡೇ. ಗಾಳಿ ಬಂದಾನ, ರೈಲು ಬಂದಾನ, ಎಮ್ಮಿ ಬಂದಾನ, ಹೆಡ್‌ಮಿಸ್ಟ್ರೆಸ್ ಬಂದಾನ. ಆರಡಿ ಎತ್ತರದ, ಗೋಧಿಹುಲ್ಲಿನ ಬಣ್ಣದ ಜಡೆಯನ್ನು ತಲೆಯ ಸುತ್ತ ಸಿಂಬೆಯಂತೆ ಸುತ್ತಿಕೊಂಡ ಆ ಹೆಂಗಸು ಆದವಾನಿಯ ಸಂತೆಯಲ್ಲಿ ಬದನೆಕಾಯಿ ಎತ್ತಿ ಹಿಡಿದು, "ಹುಳ ಅದಾನ! ಇವನ ಒಳಗ ಹುಳ ಅದಾನ!" ಎಂದು ಕೂಗಿದರೆ ಸುತ್ತಲಿನವರು ವ್ಯಾಪಾರ ಬಿಟ್ಟು ನಗುತ್ತ ನಿಲ್ಲುತ್ತಿದ್ದರು. ಅವರೂ ನಗುತ್ತಿದ್ದರು. ತಿದ್ದಿದರೆ ಮಾತ್ರ ಕೇಳುತ್ತಿರಲಿಲ್ಲ. "ಎಲ್ಲಾ ಒಂದೇ ಥರ ಅಂದ್ರ ಜಲ್ದಿ ಆಗ್ತಾನ, ಗೌರಮ್ಮ" ಎಂದು ನನಗೆ ಅನ್ನುತ್ತಿದ್ದರು.

ಅವರ ನಿಜವಾದ ಹೆಸರು ಒಕ್ಸಾನಾ. ನಮ್ಮೂರಿನ ಬಾಯಿಗೆ ಅದು ಸಾನಮ್ಮ ಆಯಿತು. ಹತ್ತಿ ಜಿನ್ನಿಂಗ್ ಮಿಲ್ಲಿನ ಬಿಳಿ ಇಂಜಿನಿಯರ್ ಸಾಹೇಬರ ಹೆಂಡತಿ. ಯಾರಾದರೂ "ರಷ್ಯಾದ ದೊರೆಸಾನಿ" ಎಂದರೆ ನಿಂತಲ್ಲೇ ನಿಂತು, "ರಷ್ಯಾ ಅಲ್ಲರೀ, ಉಕ್ರೇನ್" ಎಂದು ತಿದ್ದಿಯೇ ಮುಂದೆ ಹೆಜ್ಜೆ ಇಡುತ್ತಿದ್ದರು. ಹರೆಯದಲ್ಲಿ ಆ ದೇಶದಲ್ಲಿ ಹೊಡೆದಾಟ ಎದ್ದು, ಒಂದು ಟ್ರಂಕು ಹಿಡಿದು ಹಡಗು ಹತ್ತಿದ್ದರಂತೆ. ಅದರ ಬಗ್ಗೆ ಅಷ್ಟೇ ಹೇಳುತ್ತಿದ್ದರು. ತಮ್ಮೂರಿನ ಬೀಟ್‌ರೂಟ್ ಸಾರಿನ ಬಗ್ಗೆ ಕೇಳಿದರೆ ಮಾತ್ರ ಮಧ್ಯಾಹ್ನವೆಲ್ಲ ಹೇಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ಹೆಣ್ಣುಮಕ್ಕಳ ಮಿಷನ್ ಶಾಲೆಯಲ್ಲಿ. ಗಂಡ ತೀರಿಕೊಂಡು ತವರಿಗೆ ಬಂದ ನನ್ನನ್ನು ಅಪ್ಪ ಬಹಳ ಯೋಚಿಸಿ ಅಲ್ಲಿ ಕನ್ನಡ ಕಲಿಸಲು ಕಳಿಸಿದ್ದರು. ಅಪ್ಪ ಹತ್ತಿ ವ್ಯಾಪಾರಿ. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ನೀರೂ ಮುಟ್ಟದವರು. "ನೀ ಅಲ್ಲಿ ಓದಸು. ಪ್ರಾರ್ಥನಾ ಗೀರ್ಥನಾ ಅಂದ್ರ ಹೊರಗ ಬಂದು ನಿಲ್ಲು" ಎಂದಿದ್ದರು. ಆ ಕೆಲಸ ಹೋದರೆ ನನಗಿದ್ದದ್ದು ಒಳಮನೆಯ ಮೂಲೆ ಮಾತ್ರ. ಸಾನಮ್ಮ ಅದೇ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾದ ಮೇಲಿನ ಮಾತು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆಂದು ಹೆಡ್‌ಮಿಸ್ಟ್ರೆಸ್ ಅಮೆರಿಕದಿಂದ ಒಂದು ಹೊಸ ಹಾಡಿನ ಹಾಳೆ ತರಿಸಿದರು. ಗಂಟೆಗಳು ಮೊಳಗುತ್ತಿವೆ, ಎಲ್ಲರೂ ಸಂತೋಷಪಡಿರಿ ಎಂಬಂಥ ಹಾಡು. ಸಾನಮ್ಮ ಹಾಳೆಯನ್ನು ಹಾರ್ಮೋನಿಯಂ ಮೇಲಿಟ್ಟು ಮೊದಲ ನಾಲ್ಕು ಪೆಟ್ಟು ನುಡಿಸಿದರು. ಮೂರೇ ಸ್ವರ, ನಾಲ್ಕು ಪೆಟ್ಟು, ಮತ್ತೆ ಅವೇ ನಾಲ್ಕು, ರಾಟೆ ತಿರುಗಿದ ಹಾಗೆ. ಅವರ ಕೈ ನಿಂತಿತು. ಆಮೇಲೆ ಹಾಳೆಯನ್ನು ನೋಡದೆಯೇ ಕೊನೆಯವರೆಗೂ ನುಡಿಸಿಬಿಟ್ಟರು. ಕಣ್ಣಲ್ಲಿ ನೀರು, ಮುಖದಲ್ಲಿ ಸಿಟ್ಟು.

"ಗೌರಮ್ಮ, ಇವನು ನಮ್ಮವನು!" ಅಂದರು. "ಗಂಟಿ ಎಲ್ಲಿಂದ ಬಂದಾನ? ನಮ್ಮ ಹಾಡಿನಾಗ ಗಂಟಿ ಇಲ್ಲ. ಹಕ್ಕಿ ಅದಾನ!"

ಅವತ್ತು ನನಗೆ ಅದರ ಕಥೆ ಹೇಳಿದರು. ಅವರ ಹಳ್ಳಿಯಲ್ಲಿ ಹೊಸ ವರ್ಷಕ್ಕೆ ಹುಡುಗಿಯರು ಮನೆಮನೆಗೆ ಹೋಗಿ ಆ ಹಾಡು ಹಾಡುತ್ತಿದ್ದರು. ಒಂದು ಪುಟ್ಟ ಹಕ್ಕಿ ಮನೆಯೊಳಗೆ ಹಾರಿ ಬರುತ್ತದೆ, ಚಿಲಿಪಿಲಿ ಮಾಡಿ ಯಜಮಾನನನ್ನು ಕರೆಯುತ್ತದೆ: ಹೊರಗೆ ಬಂದು ಹಟ್ಟಿ ನೋಡು, ಕುರಿಗಳು ಮರಿ ಹಾಕಿವೆ, ನಿನ್ನ ಮನೆಗೆ ಒಳ್ಳೆಯದಾಗುತ್ತದೆ, ನಿನ್ನ ಹೆಂಡತಿ ಚೆಲುವೆ. ಅಷ್ಟೇ. ಅವರ ಕಡೆಯ ಒಬ್ಬ ಸಂಗೀತದ ಮೇಷ್ಟ್ರು ಅದನ್ನು ದೊಡ್ಡ ಮೇಳಕ್ಕೆ ಹೊಂದಿಸಿದರು, ಮೇಳದವರು ಅದನ್ನು ಹಡಗಿನಲ್ಲಿ ಅಮೆರಿಕಕ್ಕೆ ಒಯ್ದರು, ಅಲ್ಲಿ ಯಾರೋ ಹಕ್ಕಿಯನ್ನು ಬಿಟ್ಟು ಗಂಟೆ ಕಟ್ಟಿದರು.

"ಜನವರಿ ಚಳಿಯಾಗ ಕುರಿ ಯಾಕ ಮರಿ ಹಾಕ್ತಾವ್ರಿ?" ಎಂದು ಕೇಳಿದೆ.

"ಶಾಣ್ಯಾ!" ಎಂದು ನನ್ನ ಬೆನ್ನು ತಟ್ಟಿದರು. "ಬಹಳ ಹಿಂದ ನಮ್ಮ ಹೊಸ ವರ್ಷ ಹಿಮ ಕರಗಿದ ಮ್ಯಾಲ ಬರ್ತಿದ್ದ. ನಮ್ಮ ಅಜ್ಜಿ ಹೇಳ್ಯಾನ."

"ಅಂದ್ರ ನಮ್ಮ ಯುಗಾದಿ ಹಂಗ."

"ಹೌದು! ಯುಗಾದಿ ಹಾಡು ಇವನು!"

ಆ ವಾರವೇ ಊರಲ್ಲಿ ಸುದ್ದಿ ಹಬ್ಬಿತು. ಮಿಷನ್ ಶಾಲೆಯಲ್ಲಿ ನಮ್ಮ ಹುಡುಗಿಯರಿಂದ ಚರ್ಚಿನ ಗಂಟೆ ಹಾಡು ಹಾಡಿಸುತ್ತಾರೆ, ಮುಂದೆ ನೀರು ಚಿಮುಕಿಸಿ ಕ್ರಿಸ್ತರನ್ನಾಗಿ ಮಾಡುತ್ತಾರೆ ಎಂದು. ಪೇಟೆಯ ಮನೆಗಳ ಆರು ಹುಡುಗಿಯರು ಬರುವುದನ್ನು ನಿಲ್ಲಿಸಿದರು. ಅಪ್ಪ ಊಟಕ್ಕೆ ಕೂತಾಗ ತಲೆ ಎತ್ತದೆ, "ಸೋಮವಾರದಿಂದ ಸಾಲಿಗಿ ಹೋಗಬ್ಯಾಡ" ಎಂದರು.

ಮರುದಿನ ಶಾಲೆಯಲ್ಲಿ ನಾನು ಹೇಳಿದ್ದೇ ತಡ, ಸಾನಮ್ಮ ನೆಟ್ಟಗೆ ಅಪ್ಪನ ಮಂಡಿಗೆ ನಡೆದರು. ನಾನು ಹಿಂದೆಯೇ ಓಡಿದೆ. ಹತ್ತಿ ಅಂಡಿಗೆಗಳ ನಡುವೆ ನಿಂತು, "ಸಾವಕಾರ್ರೆ, ಮೊದಲು ಕೇಳ್ರಿ, ಆಮ್ಯಾಲ ಬೈರಿ" ಎಂದು ಹಾಡಿಯೇಬಿಟ್ಟರು, ತಮ್ಮ ಭಾಷೆಯಲ್ಲಿ. ಹಮಾಲರು ಚೀಲ ಇಳಿಸಿ ನಿಂತರು. ಅಪ್ಪನ ಹುಬ್ಬು ಗಂಟಿಕ್ಕಿಯೇ ಇತ್ತು.

"ಇದರಾಗ ಏನೈತಮ್ಮಾ?"

"ಕುರಿ ಮರಿ ಹಾಕ್ಯಾನ, ಹೊರಗ ಬಾ ಅಂತ ಹಕ್ಕಿ ಯಜಮಾನನ್ನ ಕರೀತಾನ."

"ಅಷ್ಟೇನಾ? ಮತ್ತ ಗಂಟಿ?"

"ಗಂಟಿ ಅಮೆರಿಕದವ ಕಟ್ಯಾನ."

ಯಾವ ಹಕ್ಕಿ ಎಂದು ಅಪ್ಪ ಕೇಳಿದರು. ಸಾನಮ್ಮನಿಗೆ ಕನ್ನಡದ ಹೆಸರು ಗೊತ್ತಿರಲಿಲ್ಲ, ನನಗೂ ಹೊಳೆಯಲಿಲ್ಲ. ಸಾನಮ್ಮ ಎರಡು ಬೆರಳು ಕವಲು ಮಾಡಿ ಬಾಲ ತೋರಿಸಿದರು, ಕೈ ಬೀಸಿ ಗಾಳಿಯಲ್ಲಿ ಓರೆಯಾಗಿ ತೇಲುವುದನ್ನು ತೋರಿಸಿದರು. ಅಪ್ಪ ಗದ್ದಿಗೆಯಿಂದ ಎದ್ದೇ ನಿಂತರು.

"ಅಂಬರಗುಬ್ಬಿ! ಏ ಗೌರಾ, ಅದು ಅಂಬರಗುಬ್ಬಿ. ನಮ್ಮ ಹಳ್ಳಿ ನಾಗಲದಿನ್ನಿ ಹೊಳಿ ದಂಡಿಗೆ ಚಳಿಗಾಲಕ್ಕ ಹಿಂಡುಹಿಂಡು ಬರ್ತಾವ. ಸಣ್ಣಾಂವ ಇದ್ದಾಗ ದಿನಾ ನೋಡ್ತಿದ್ದೆ. ಬ್ಯಾಸಗಿ ಬಂತಂದ್ರ ಒಂದೂ ಇರಂಗಿಲ್ಲ. ಎಲ್ಲಿ ಹೋಗ್ತಾವೋ ಶಿವನೇ ಬಲ್ಲ."

ಸಾನಮ್ಮ ಎರಡೂ ಕೈ ಕೆನ್ನೆಗೆ ಒತ್ತಿಕೊಂಡರು. "ನಮ್ಮೂರಿಗೆ ಬರ್ತಾನ, ಸಾವಕಾರ್ರೆ! ಹಿಮ ಕರಗಿದ ಮ್ಯಾಲ ನಮ್ಮ ಮನಿ ಜಂತಿಗೆ ಗೂಡು ಕಟ್ತಾನ. ಚಳಿಗಾಲಕ್ಕ ಎಲ್ಲಿ ಹೋಗ್ತಾನ ಅಂತ ನಮ್ಮ ಅಜ್ಜಿ ಕೇಳ್ತಿದ್ದ. ಇಲ್ಲಿ ಬರ್ತಾನಾ? ನಿಮ್ಮ ಹೊಳಿಗೆ?"

ಅದೇ ಹಕ್ಕಿಯೋ, ಅದರ ದಾಯಾದಿಯೋ ಯಾರು ಬಲ್ಲರು. ಆದರೆ ಇಬ್ಬರೂ ಬಹಳ ದಿನದ ಮೇಲೆ ಸಿಕ್ಕ ಬೀಗರ ಹಾಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತುಬಿಟ್ಟರು. ಅಪ್ಪ ಹಮಾಲರಿಗೆ, "ಏನ್ ನೋಡ್ತೀರಲೇ, ಅಮ್ಮಗ ಕುರ್ಚಿ ತರ್ರಿ" ಎಂದರು. ನನ್ನ ಸೋಮವಾರ ಉಳಿಯಿತು. ಆ ಸಂಜೆ ಅಪ್ಪನೇ ಆರು ಮನೆಗಳಿಗೂ ಹೋಗಿ ಬಂದರು.

ಹಾಡಿಗೆ ಕನ್ನಡದ ಮಾತು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಪೆಟ್ಟಿನಲ್ಲಿ 'ಅಂಬರಗುಬ್ಬಿ' ಕೂರಿಸುವುದಕ್ಕೆ ಮೂರು ದಿನ ಹಿಡಿಯಿತು. ಹೆಡ್‌ಮಿಸ್ಟ್ರೆಸ್ ಮೊದಲು ಗೊಣಗಿದರು, ಆಮೇಲೆ, ಮೊದಲು ಗುಬ್ಬಿ ಹಾಡಲಿ, ನಂತರ ಗಂಟೆ ಬಾರಿಸಲಿ ಎಂದು ಒಪ್ಪಿದರು. ಕಾರ್ಯಕ್ರಮದ ದಿನ ಅಪ್ಪ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಹಾಡು ನಡುವಿಗೆ ಬರುತ್ತಲೂ ಪಕ್ಕದ ಪಾದ್ರಿಯವರ ತೊಡೆ ತಟ್ಟಿ, ಇಡೀ ಹಾಲಿಗೆ ಕೇಳುವಂತೆ, "ಈಗ ನೋಡ್ರಿ, ಕುರಿ ಮರಿ ಹಾಕತೈತಿ!" ಎಂದರು. ಹುಡುಗಿಯರು ನಕ್ಕು ಹಾಡು ತಪ್ಪಿದರು. ಸಾನಮ್ಮ ಬೇಸರಪಡದೆ, ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ನುಡಿಸಿದರು.

ಆ ಯುಗಾದಿಗೆ ಹುಡುಗಿಯರನ್ನು ಕಟ್ಟಿಕೊಂಡು ಪೇಟೆಯಲ್ಲಿ ಮನೆಮನೆ ತಿರುಗಿದರು. ಬೇವುಬೆಲ್ಲ ತಿಂದು ಮುಖ ಹಿಂಡಿಕೊಂಡು, "ಕಹಿ ಅದಾನ, ಇನ್ನೊಂದು ಕೊಡ್ರಿ" ಅನ್ನುತ್ತಿದ್ದರು. ಆಮೇಲೆ ಪ್ರತಿ ಯುಗಾದಿಗೂ ಅದೇ ನಡೆಯಿತು.

ಯುದ್ಧ ಮುಗಿದರೂ ಅವರ ಹಳ್ಳಿಯಿಂದ ಒಂದು ಕಾಗದವೂ ಬರಲಿಲ್ಲ. ಬರೆದದ್ದೆಲ್ಲ ವಾಪಸು ಬಂತು. ಸ್ವಾತಂತ್ರ್ಯ ಬಂದ ಮರುವರ್ಷ ಮಿಲ್ಲು ಕೈ ಬದಲಾಗಿ, ಗಂಡನ ಊರಾದ ಸ್ಕಾಟ್ಲೆಂಡಿಗೆ ಹೊರಟರು. ಅಲ್ಲಿ ಮಳೆ, ಚಳಿ ಬಿಟ್ಟರೆ ಬೇರೇನೂ ಇಲ್ಲವಂತೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು.

ಆದವಾನಿ ಸ್ಟೇಷನ್ನಿನಲ್ಲಿ ಏಪ್ರಿಲ್‌ನ ನಡುಮಧ್ಯಾಹ್ನ. ಪ್ಲಾಟ್‌ಫಾರಮ್ಮಿನ ಕಲ್ಲು ಚಪ್ಪಲಿಯೊಳಗಿಂದ ಸುಡುತ್ತಿತ್ತು. ಅಪ್ಪ ಹೆಗಲ ಮೇಲೆ ದಪ್ಪನೆಯ ಕರಿ ಕಂಬಳಿ ಹೊತ್ತು ಬಂದರು. "ನಂದವರದ ಕುರುಬರ ಕಡೆ ಹೇಳಿ ನೇಯಿಸೀನಮ್ಮಾ. ಬರೀ ಮೈಲೆ ಚಳಿಗೆ ಹೋಗಬ್ಯಾಡ್ರಿ" ಎಂದು ಕೊಟ್ಟರು. ಸಾನಮ್ಮ ಅದನ್ನು ಟ್ರಂಕಿಗೆ ಹಾಕಲಿಲ್ಲ. ಬಿಚ್ಚಿ, ತಲೆಯ ಮೇಲಿಂದ ಮೈತುಂಬ ಹೊದ್ದುಕೊಂಡರು. ಸಾಹೇಬರು ಬೇಡವೆಂದರೂ ಕೇಳಲಿಲ್ಲ. ರೈಲು ಹೊರಟಾಗ ಕಿಟಕಿಯಲ್ಲಿ ಕಂಡದ್ದು ಕರಿ ಕಂಬಳಿಯ ನಡುವೆ ಬೆವರು ಸುರಿಯುತ್ತಿದ್ದ, ಕೆಂಪಗೆ ನಗುತ್ತಿದ್ದ ಒಂದು ಮುಖ. ಪ್ಲಾಟ್‌ಫಾರಮ್ ಮುಗಿಯುವವರೆಗೂ ಅವರು ಅದನ್ನು ತೆಗೆಯಲಿಲ್ಲ.